'ಆಡ್ತಾ ಬಿದ್ದ' ಅನ್ನಬೇಡಿ



ಬಸವಕಲ್ಯಾಣ, ಹುಮನಾಬಾದ್ ಕಡೆಯ ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿಗೆ ದಿನವೂ ಎಸರು ಕುದಿಯುತ್ತದೆ. ಎಷ್ಟೋ ಮನೆಗಳಲ್ಲಿ ಒಲೆ ಇನ್ನೂ ನೆಲದ ಮೇಲೆಯೇ. ತಾಯಿ ಹಿಟ್ಟು ನಾದುವಾಗ ಅಂಬೆಗಾಲಿಡುವ ಕೂಸು ಅಲ್ಲೇ ಇರುತ್ತದೆ. ಅದಕ್ಕೇ ಸುಟ್ಟ ಗಾಯದ ಮಾತು ಮೊದಲು. ನಾನು ಡಾಕ್ಟರಲ್ಲ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಆದರೂ ಇಷ್ಟು ಬಲ್ಲೆ: ಮಕ್ಕಳ ಚರ್ಮ ತೆಳು, ನಮಗೆ ಚುರುಕ್ಕೆನ್ನುವ ನೀರು ಅವರನ್ನು ಆಳಕ್ಕೆ ಸುಡುತ್ತದೆ.

ಎಸರು ಚೆಲ್ಲಿದ ಕೂಡಲೇ ಕೊಡದ ತಣ್ಣೀರನ್ನು ಸುಟ್ಟ ಜಾಗದ ಮೇಲೆ 20 ನಿಮಿಷ ಸುರಿಯುತ್ತಲೇ ಇರಿ. ಕೊಡ ಬರಿದಾದರೆ ಪಕ್ಕದ ಮನೆಯಿಂದ ತನ್ನಿ. ತಡವಾಗಿದ್ದರೂ ಮೂರು ತಾಸಿನೊಳಗೆ ಸುರಿದರೆ ಉಪಯೋಗವಿದೆ. ನೆನೆದ ಬಟ್ಟೆ ಬಿಚ್ಚಿ. ಮೈಗೆ ಅಂಟಿದ್ದರೆ ಮಾತ್ರ ಎಳೆಯಬೇಡಿ. ಬಾವು ಬರುವ ಮೊದಲೇ ಬಳೆ, ಗೆಜ್ಜೆ, ಉಡದಾರ ತೆಗೆಯಿರಿ. ಗುಳ್ಳೆ ಒಡೆಯಬೇಡಿ. ಮಂಜುಗಡ್ಡೆ, ಟೂತ್‌ಪೇಸ್ಟು, ಶಾಯಿ, ಅರಿಶಿನ, ತುಪ್ಪ ಯಾವುದೂ ಬೇಡ. ಅತ್ತೆ ಹೇಳಿದರೂ ಬೇಡ! ಒಗೆದ ಬಟ್ಟೆ ಸಡಿಲಾಗಿ ಹೊದಿಸಿ, ಉಳಿದ ಮೈ ಬೆಚ್ಚಗಿಟ್ಟು 108ಕ್ಕೆ ಫೋನು ಮಾಡಿ. ಮುಖ, ಕೈ, ಕೀಲು, ಗುಪ್ತಾಂಗ ಸುಟ್ಟಿದ್ದರೆ ಸಣ್ಣ ಗಾಯವೆಂದು ಮನೆಯಲ್ಲಿ ಕೂರಬೇಡಿ. ಅಡಿಗೆಗೆ ನಿಲ್ಲುವ ದೊಡ್ಡ ಹುಡುಗಿಯರು ನೈಲಾನ್ ಓಢಣಿ ತೆಗೆದಿಟ್ಟೇ ಒಲೆ ಹಚ್ಚಲಿ.

ಇನ್ನೊಂದು ಬಗೆಯ ಗಾಯವಿದೆ, ಅದನ್ನು ನಾವು ಬಾಯಿ ಬಿಟ್ಟು ಹೇಳುವುದಿಲ್ಲ. ತಾಯಿಗೆ ಬೀಸಿದ ಏಟು ಸೊಂಟದ ಮೇಲಿನ ಕೂಸಿಗೂ ತಾಗುತ್ತದೆ. ಹದಿನಾಲ್ಕರ ಹುಡುಗ ಅವ್ವನನ್ನು ಬಿಡಿಸಲು ಹೋಗಿ ಕೈ ಮುರಿದುಕೊಳ್ಳುತ್ತಾನೆ. ದವಾಖಾನೆಯಲ್ಲಿ ಮಾತ್ರ "ಆಡ್ತಾ ಬಿದ್ದ" ಎನ್ನುತ್ತೇವೆ. ವರದಕ್ಷಿಣೆಗಾಗಿ ಸೊಸೆಯನ್ನು ಸುಟ್ಟ ಮನೆಗಳು "ಸ್ಟೋ ಸಿಡಿಯಿತು" ಎಂದು ಬರೆಸುತ್ತಿದ್ದವು; ಈ ಮಾತು ಅದರ ತಂಗಿ. ಸುಳ್ಳಿನಿಂದ ಚಿಕಿತ್ಸೆಯೇ ದಾರಿ ತಪ್ಪುತ್ತದೆ. ಹೊರಸಿನಿಂದ ಉರುಳಿದ ಕೂಸನ್ನು ಪರೀಕ್ಷಿಸುವ ರೀತಿ ಬೇರೆ, ಗೋಡೆಗೆ ಅಪ್ಪಳಿಸಲ್ಪಟ್ಟ ಕೂಸಿನದು ಬೇರೆ. ತಲೆಗೆ ಪೆಟ್ಟಾದ ಮೇಲೆ ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸು, ಕಿವಿ-ಮೂಗಿನಿಂದ ನೀರು ಅಥವಾ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯಬಾರದು.

"ನಿಜ ಹೇಳಿದರೆ ಗಂಡ ಜೈಲಿಗೆ, ಕೂಲಿ ಯಾರು ತರಬೇಕು?" ಎಂದು ಕೇಳುತ್ತೀರಿ. ಡಾಕ್ಟರು ಪೊಲೀಸರಿಗೆ ತಿಳಿಸಬಹುದು, ಅದು ಖರೆ. ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬೇರೆ ಬಾಗಿಲನ್ನೂ ತೆರೆದಿದೆ. ಹೊಡೆಯಬಾರದೆಂಬ ಆದೇಶ, ಅದೇ ಮನೆಯಲ್ಲಿರುವ ಹಕ್ಕು, ನಿಮಗೂ ಮಕ್ಕಳಿಗೂ ಔಷಧದ ಖರ್ಚು, ಜೀವನಾಂಶ, ಮಕ್ಕಳನ್ನು ತಾತ್ಕಾಲಿಕವಾಗಿ ನಿಮ್ಮ ಬಳಿಯೇ ಇಟ್ಟುಕೊಳ್ಳುವುದು, ಇವನ್ನೆಲ್ಲ ಮ್ಯಾಜಿಸ್ಟ್ರೇಟರು ಕೊಡಬಲ್ಲರು. ಪೆಟ್ಟು ತಿಂದ ಹೆಂಗಸು ಕೇಳಿದರೆ ದವಾಖಾನೆ ಚಿಕಿತ್ಸೆ ಕೊಡಲೇಬೇಕು. ಮೊದಲು ದೂರು ಬರೆಸಿ ಬಾ ಎನ್ನುವಂತಿಲ್ಲ.

ಸಂಘದ ಪುಸ್ತಕದ ಹಿಂದಿನ ಹಾಳೆಯಲ್ಲಿ ಮಕ್ಕಳಿಗೆ 1098, ಹೆಂಗಸರಿಗೆ 181, ಪೊಲೀಸರಿಗೆ 112 ಎಂದು ಬರೆದಿಡಿ. ತಾಲ್ಲೂಕು ದವಾಖಾನೆಯವರು ನಡುರಾತ್ರಿ ಬೀದರ್‌ಗೆ ಒಯ್ಯಿರಿ ಎಂದರೆ ಆ ತಾಯಿಯ ಜೊತೆ ಗಾಡಿ ಹತ್ತುವವರು ಯಾರು? ಎರಡು ಹೆಸರು ಇವತ್ತಿನ ಸಭೆಯಲ್ಲೇ ಬರೆಯಿರಿ.