ಸರ್ಕಾರದ ವಕೀಲರು ಯಾರ ವಕೀಲರು?

(ಕೊಳ್ಳೇಗಾಲದ ಸಭೆಯೊಂದರಲ್ಲಿ ಕಾರ್ಮಿಕರನ್ನೂ ಸಣ್ಣ ವ್ಯಾಪಾರಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಕೋರ್ಟು ಕಚೇರಿಯ ಮಾತೆಂದರೆ ನಮ್ಮ ಜನ ಕೈಮುಗಿದು ದೂರ ಸರಿಯುತ್ತಾರೆ. ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ನಮ್ಮ ದೇಶದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು? ರೈತನಲ್ಲ, ಕೂಲಿಕಾರನಲ್ಲ, ಅಂಗಡಿಯವನೂ ಅಲ್ಲ. ಸರ್ಕಾರ! ಆ ಸರ್ಕಾರಕ್ಕೂ ವಕೀಲರಿದ್ದಾರೆ. ಅವರ ಫೀಜು ಹೋಗುವುದು ನಮ್ಮ ಗಂಟಿನಿಂದ. ಸೀರೆ ಮಾರಿದಾಗ, ಸೋಪು ಕೊಂಡಾಗ ನಾವು ತೆತ್ತ ತೆರಿಗೆಯಿಂದ. ಫೀಜು ಕೊಡುವವರು ನಾವಾದ ಮೇಲೆ ಆ ವಕೀಲರು ಯಾರ ಪರ ಎಂದು ಕೇಳುವ ಹಕ್ಕೂ ನಮ್ಮದೇ. ಇಂದು ಅದನ್ನೇ ಕೇಳೋಣ.

ನಮ್ಮ ಸೀಮೆಗೆ ಈ ಹುದ್ದೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿನದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿದ್ದ ಊರು. ಕೆಲವೇ ಮೈಲಿಗಳ ಅಂತರದಲ್ಲಿ ಎರಡು ಸರ್ಕಾರ, ಎರಡು ಹೈಕೋರ್ಟು! ಇಲ್ಲಿನವರ ಮೇಲ್ಮನವಿ ಮದರಾಸಿಗೆ ಹೋಗುತ್ತಿದ್ದ ಕಾಲದಲ್ಲಿ, 1929ರಿಂದ 1944ರ ತನಕ, ಅಲ್ಲಿ ಅಡ್ವೊಕೇಟ್ ಜನರಲ್ ಆಗಿದ್ದವರು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್. ಪರಂಗಿ ಸರ್ಕಾರದ ವಕೀಲರಾಗಿದ್ದ ಅವರೇ ಮುಂದೆ ಡಾ. ಅಂಬೇಡ್ಕರರೊಡನೆ ಸಂವಿಧಾನದ ಕರಡು ಸಮಿತಿಯಲ್ಲಿ ಕುಳಿತರು. ಹುದ್ದೆ ದೊರೆಗಳ ಕಾಲದ್ದು. ದೊರೆ ಹೋದ ಮೇಲೆ ಕಕ್ಷಿದಾರ ಯಾರು?

ಸಂವಿಧಾನದ 165ನೇ ವಿಧಿ ಇದಕ್ಕೆ ಉತ್ತರ ಕೊಟ್ಟಿದೆ. ಪ್ರತಿ ರಾಜ್ಯಕ್ಕೂ ಒಬ್ಬ ಅಡ್ವೊಕೇಟ್ ಜನರಲ್ ಇರಬೇಕು, ಹೈಕೋರ್ಟಿನ ನ್ಯಾಯಾಧೀಶರಾಗುವ ಅರ್ಹತೆ ಅವರಿಗಿರಬೇಕು, ಕಾನೂನಿನ ವಿಷಯದಲ್ಲಿ ರಾಜ್ಯ ಸರ್ಕಾರಕ್ಕೆ ಸಲಹೆ ಕೊಡುವುದು ಅವರ ಕರ್ತವ್ಯ. ಗಮನಿಸಿರಿ: ಸರ್ಕಾರಕ್ಕೆ ಎಂದಿದೆಯೇ ಹೊರತು ಮುಖ್ಯಮಂತ್ರಿಗೆ ಎಂದಿಲ್ಲ, ಆಳುವ ಪಕ್ಷಕ್ಕೆ ಎಂದಂತೂ ಇಲ್ಲವೇ ಇಲ್ಲ. ಸಾರ್ವಜನಿಕರ ಒಂದು ಧರ್ಮಸಂಸ್ಥೆಯ ಹಣವನ್ನು ಅದರ ಟ್ರಸ್ಟಿಗಳೇ ನುಂಗಿದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಂತೆ ಅಡ್ವೊಕೇಟ್ ಜನರಲ್ಲರೇ ದಾವಾ ಹೂಡಬಹುದು. ಊರಿನ ಪರವಾಗಿ ನಿಲ್ಲುವ ಅಧಿಕಾರ ಕೊಟ್ಟ ಮೇಲೆ ಅವರನ್ನು ಒಬ್ಬ ನಾಯಕರ ಖಾಸಗಿ ವಕೀಲರೆಂದು ತಿಳಿಯುವುದು ಹೇಗೆ?

ಇದಲ್ಲದೆ ಇನ್ನೊಂದು ಹುದ್ದೆಯಿದೆ. ಸಂವಿಧಾನದಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಅದು ಮುಖ್ಯಮಂತ್ರಿಗಳ ಕಾನೂನು ಸಲಹೆಗಾರರ ಹುದ್ದೆ. 2023ರಲ್ಲಿ ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರು ವಿರಾಜಪೇಟೆಯ ಶಾಸಕ, ವಕೀಲ ಶ್ರೀ ಎ.ಎಸ್. ಪೊನ್ನಣ್ಣನವರನ್ನು ಹಾಗೆ ನೇಮಿಸಿಕೊಂಡರು. ನಾಯಕನು ತನ್ನ ನಂಬಿಕೆಯ ವಕೀಲನನ್ನು ಬಳಿಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ಎರಡು ಹುದ್ದೆಗಳ ಗುಣ ಬೇರೆ. ಒಂದರ ಬೇರು ಸಂವಿಧಾನದಲ್ಲಿ, ಇನ್ನೊಂದರ ಬೇರು ನಂಬಿಕೆಯಲ್ಲಿ. ನಂಬಿಕೆಯ ಮನುಷ್ಯ "ಆಗಲಿ ಸ್ವಾಮಿ" ಎನ್ನುವುದು ಸುಲಭ. "ಇದು ಸಲ್ಲದು" ಎನ್ನುವುದಕ್ಕೇ ಕಾನೂನು ಸಲಹೆಗಾರರು ಬೇಕಾಗಿರುವುದು. ನಾವು ನೋಡಬೇಕಾದ್ದು ಆ ಒಂದು ಮಾತನ್ನು ಯಾರು ಆಡಿದರು, ಯಾರು ನುಂಗಿಕೊಂಡರು ಎಂಬುದನ್ನು.

1975ರ ಜೂನ್ ತಿಂಗಳಿಗೆ ಹೋಗೋಣ. ತುರ್ತು ಪರಿಸ್ಥಿತಿ ಬಂತು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ನಮ್ಮ ಸಮಾಜವಾದಿ ಮಧು ದಂಡವತೆಯವರನ್ನೂ, ವಾಜಪೇಯಿ, ಅಡ್ವಾಣಿ, ಶ್ಯಾಮನಂದನ ಮಿಶ್ರರನ್ನೂ ಹಿಡಿದು ಬೆಂಗಳೂರಿನ ಸೆರೆಮನೆಗೆ ಹಾಕಿದರು. ಅವರು ನಮ್ಮ ಹೈಕೋರ್ಟಿಗೇ ಅರ್ಜಿ ಹಾಕಿದರು. ಸೆರೆಯಲ್ಲಿದ್ದವನಿಗೆ ಕೋರ್ಟಿನ ಬಾಗಿಲು ತೆರೆದಿದೆ ಎಂದು ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಹೇಳಿದವು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿತು. ಅಲ್ಲಿ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ನ್ಯಾಯಮೂರ್ತಿ ಖನ್ನಾ ಕೇಳಿದರು: ಪೊಲೀಸಿನವನೊಬ್ಬ ಹಗೆಯಿಂದ ಒಬ್ಬನನ್ನು ಕೊಂದರೆ ಆಗಲೂ ಪರಿಹಾರವಿಲ್ಲವೆ? ತುರ್ತು ಪರಿಸ್ಥಿತಿ ಇರುವ ತನಕ ಇಲ್ಲವೆಂದೇ ಸರ್ಕಾರದ ವಕೀಲರು ಉತ್ತರ ಕೊಟ್ಟರು! 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಾಧೀಶರು ಸರ್ಕಾರದ ಮಾತನ್ನೇ ಎತ್ತಿಹಿಡಿದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪನ್ನು ಸುಪ್ರೀಂ ಕೋರ್ಟು ತಾನೇ ಅಳಿಸಿಹಾಕಿದ್ದು 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ನಲವತ್ತೊಂದು ವರ್ಷ ಬೇಕಾಯಿತು!

ಅದೇ 1975ರಲ್ಲಿ ಕೇಂದ್ರ ಸರ್ಕಾರಕ್ಕೆ ಇನ್ನೊಬ್ಬ ವಕೀಲರಿದ್ದರು, ಅಡಿಷನಲ್ ಸಾಲಿಸಿಟರ್ ಜನರಲ್ ಫಾಲಿ ನಾರಿಮನ್. ಘೋಷಣೆಯ ಮಾರನೆಯ ದಿನ, ಜೂನ್ 27ರಂದು, ರಾಜೀನಾಮೆ ಬಿಸಾಡಿ ಎದ್ದು ಬಂದರು.

ಈ ನಾರಿಮನ್ನರ ಹೆಸರು ಕಾವೇರಿ ದಂಡೆಯ ನಮಗೆ ಪರಿಚಯದ್ದೇ. ಹಲವು ವರ್ಷ ನದಿ ವ್ಯಾಜ್ಯದಲ್ಲಿ ಕರ್ನಾಟಕದ ಪರ ವಾದಿಸಿದವರು ಅವರು. ಅವರದು ಸಂವಿಧಾನದ ಹುದ್ದೆಯಲ್ಲ, ಸರ್ಕಾರ ನೇಮಿಸಿಕೊಂಡ ಹಿರಿಯ ವಕೀಲರ ಕೆಲಸ. 2016ರ ಸೆಪ್ಟೆಂಬರ್ ನೆನಪಿದೆಯಷ್ಟೆ. ತಮಿಳುನಾಡಿಗೆ ನೀರು ಬಿಡಿರೆಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. 23ನೇ ತಾರೀಕು ನಮ್ಮ ವಿಧಾನಮಂಡಲ, ಇರುವ ನೀರು ಕುಡಿಯುವುದಕ್ಕೆ ಮಾತ್ರ ಎಂದು ಒಮ್ಮತದಿಂದ ನಿರ್ಣಯ ಮಾಡಿತು. ಊರೆಲ್ಲ ಅದನ್ನು ಮೆಚ್ಚಿತು. ನಮ್ಮ ಹೊಲಗಳೂ ಒಣಗಿದ್ದವು. 30ನೇ ತಾರೀಕು ನಾರಿಮನ್ನರು ಕೋರ್ಟಿನಲ್ಲಿ ಎದ್ದು ನಿಂತು, ಆಜ್ಞೆ ಪಾಲಿಸದೆ ಇರುವ ತನಕ ಕರ್ನಾಟಕದ ಪರ ತಾವು ವಾದಿಸುವುದಿಲ್ಲವೆಂದು ತಿಳಿಸಿದರು. ಆ ಹೊತ್ತಿಗೆ ನಮ್ಮಲ್ಲಿ ಅನೇಕರಿಗೆ ಅದು ಬೆನ್ನಿಗೆ ಇರಿದಂತೆ ಕಂಡಿತು. ಇಂದು ಸಮಾಧಾನವಾಗಿ ಯೋಚಿಸಿರಿ. ನ್ಯಾಯಾಧೀಶರು ಅವರ ನಡೆಯನ್ನು ಹೊಗಳಿದರು. ಮುಂದೆ ಮುಖ್ಯ ಮೇಲ್ಮನವಿಯಲ್ಲಿ ಮತ್ತೆ ಅವರೇ ನಮ್ಮ ಪರ ನಿಂತರು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕದ ಪಾಲು 270ರಿಂದ 284.75 ಟಿ.ಎಂ.ಸಿ.ಗೆ ಏರಿತು. ಅವರ ಸಿಟ್ಟಿನಿಂದಲೇ ಪಾಲು ಏರಿತೆಂದು ನಾವು ಹೇಳುವುದಿಲ್ಲ; ಆದರೆ ಯಜಮಾನನನ್ನೇ ಗದರಿದ ವಕೀಲರ ಮಾತಿಗೆ ಕೋರ್ಟಿನಲ್ಲಿ ಬೆಲೆ ಕಡಿಮೆಯಾಗಲಿಲ್ಲ ಎಂಬುದನ್ನಂತೂ ಕಣ್ಣಾರೆ ಕಂಡೆವು.

ಈಗ ದುಡಿಯುವವರ ವಿಷಯ. ವ್ಯಾಪಾರಿ ಮಿತ್ರರಿಗೆ ವಾಣಿಜ್ಯ ತೆರಿಗೆ ಇಲಾಖೆ ಚೆನ್ನಾಗಿ ಗೊತ್ತು. ಆ ಇಲಾಖೆಯಲ್ಲಿ 1985-86ರಿಂದ ದಿನಗೂಲಿಗೆ ದುಡಿಯುತ್ತಿದ್ದವರು, ಕಾಯಂ ನೌಕರರಷ್ಟೇ ಕೆಲಸ ಮಾಡುತ್ತೇವೆ, ಅಷ್ಟೇ ಸಂಬಳ ಕೊಡಿ, ನಮ್ಮನ್ನೂ ಕಾಯಂ ಮಾಡಿ ಎಂದು ಕೇಳಿದರು. ನಮ್ಮ ಹೈಕೋರ್ಟು ಅವರ ಪರ ಆಜ್ಞೆ ಮಾಡಿತು. ಸರ್ಕಾರ ಅಲ್ಲಿಗೆ ಬಿಟ್ಟಿತೆ? ಇಲ್ಲ. ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠದ ತನಕ ಜಗ್ಗಿತು. ಉಮಾದೇವಿ ಮೊಕದ್ದಮೆ ಎಂದು ದೇಶವೆಲ್ಲ ಅರಿತದ್ದು ಇದೇ. 2006ರ ಏಪ್ರಿಲ್ 10ರಂದು, ಕ್ರಮಬದ್ಧ ನೇಮಕವಿಲ್ಲದೆ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲವೆಂದು ತೀರ್ಪಾಯಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರನ್ನು ಒಂದು ಸಲ ಪರಿಗಣಿಸಿರಿ ಎಂದೂ ಅದೇ ತೀರ್ಪಿನಲ್ಲಿತ್ತು. ಸರ್ಕಾರಗಳು ಮೊದಲ ಮಾತನ್ನು ಬಾಯಿಪಾಠ ಮಾಡಿದವು, ಎರಡನೆಯದನ್ನು ಮರೆತವು! ದೀರ್ಘಕಾಲ ದುಡಿದವರ ಮೇಲೆ ಈ ತೀರ್ಪನ್ನು ಆಯುಧ ಮಾಡಿಕೊಳ್ಳಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಎಚ್ಚರಿಸಬೇಕಾಯಿತು.

ಮೇಲ್ಮನವಿ ಹೋಗಬೇಕೆ, ಬೇಡವೆ ಎಂಬುದನ್ನು ತೀರ್ಮಾನಿಸುವ ಮುಂಚೆ ಸರ್ಕಾರ ಕಾನೂನು ಬಲ್ಲವರನ್ನು ಕೇಳುತ್ತದೆ. ಅಲ್ಲೇ ಇರುವುದು ಬಡವನ ಬದುಕು. "ಈ ಕೂಲಿಯವನಿಗೆ ಕೊಡಬೇಕಾದ್ದನ್ನು ಕೊಟ್ಟುಬಿಡಿ, ಮೇಲ್ಮನವಿ ಬೇಡ" ಎಂದು ಕಡತದ ಮೇಲೆ ಒಂದು ಸಾಲು ಬಿದ್ದರೆ ಒಂದು ಮನೆಯ ಒಲೆ ಉರಿಯುತ್ತದೆ. ಆ ಸಾಲು ಪತ್ರಿಕೆಯಲ್ಲಿ ಬರುವುದಿಲ್ಲ, ಅದಕ್ಕೆ ಹಾರ ಹಾಕುವವರೂ ಇಲ್ಲ.

ಇದನ್ನು ಬರೆಯುವ ಧೈರ್ಯ ಯಾಕೆ ಕಡಿಮೆ? ರಾಜ್ಯಪಾಲರ ಇಷ್ಟವಿರುವ ತನಕ ಮಾತ್ರ ಅಡ್ವೊಕೇಟ್ ಜನರಲ್ಲರ ಹುದ್ದೆ; ರಾಜ್ಯಪಾಲರ ಇಷ್ಟವೆಂದರೆ ಮಂತ್ರಿಮಂಡಲದ ಇಷ್ಟ. ಐದು ಬಾರಿ ಈ ಹುದ್ದೆ ಕಂಡ ಶ್ರೀ ಬಿ.ವಿ. ಆಚಾರ್ಯರು ತಮಿಳುನಾಡಿನ ಜಯಲಲಿತಾ ಮೊಕದ್ದಮೆಯಲ್ಲಿ ವಿಶೇಷ ಅಭಿಯೋಜಕರೂ ಆಗಿದ್ದರು. ಎರಡರಲ್ಲಿ ಒಂದನ್ನು ಬಿಡಬೇಕಾದ ಒತ್ತಡ ಬಂದಾಗ, 2012ರ ಫೆಬ್ರವರಿಯಲ್ಲಿ ಅವರು ಬಿಟ್ಟದ್ದು ದೊಡ್ಡ ಹುದ್ದೆಯನ್ನು! ಅಂಥವರು ಎಷ್ಟು ಜನ?

ಇನ್ನೂ ಇಕ್ಕಟ್ಟಾಗುವುದು ಮುಖ್ಯಮಂತ್ರಿಯ ಮೇಲೆಯೇ ಆಪಾದನೆ ಬಂದಾಗ. 2011ರ ಜನವರಿಯಲ್ಲಿ ಶ್ರೀ ಯಡಿಯೂರಪ್ಪನವರ ಮೇಲೆ, 2024ರ ಆಗಸ್ಟಿನಲ್ಲಿ ಮೈಸೂರಿನ ನಿವೇಶನಗಳ ವಿಷಯದಲ್ಲಿ ಶ್ರೀ ಸಿದ್ದರಾಮಯ್ಯನವರ ಮೇಲೆ, ಆಯಾ ಕಾಲದ ರಾಜ್ಯಪಾಲರು ಕ್ರಮಕ್ಕೆ ಅನುಮತಿ ಕೊಟ್ಟರು. ಪಕ್ಷ ಬೇರೆ, ಪ್ರಶ್ನೆ ಒಂದೇ. ಆಪಾದನೆ ಸುಳ್ಳೋ ನಿಜವೋ ಕೋರ್ಟು ನೋಡಿಕೊಳ್ಳಲಿ. ಆದರೆ ನಾಯಕನ ಸ್ವಂತ ರಕ್ಷಣೆಗೆ ಸ್ವಂತ ವಕೀಲ, ಸ್ವಂತ ದುಡ್ಡು. ರಾಜ್ಯದ ವಕೀಲರು ಅಲ್ಲಿ ರಾಜ್ಯದ ಮಾತನ್ನಷ್ಟೇ ಆಡಬೇಕು. ಈ ಗೆರೆ ಮಾಸಿದರೆ ನಮ್ಮ ತೆರಿಗೆಯೇ ನಾಯಕರ ಫೀಜಾಗುತ್ತದೆ.

ಕಡೆಯದಾಗಿ ಒಂದು ಕೆಲಸ. ಸಂವಿಧಾನದ 177ನೇ ವಿಧಿಯಂತೆ ಅಡ್ವೊಕೇಟ್ ಜನರಲ್ಲರು ವಿಧಾನಸಭೆಗೆ ಬಂದು ಮಾತಾಡಬಹುದು. ಓಟು ಹಾಕುವಂತಿಲ್ಲ ಅಷ್ಟೆ. ಹಾಗಾದರೆ ಅವರನ್ನು ಸಭೆಗೆ ಕರೆಸಿರೆಂದು ಕೊಳ್ಳೇಗಾಲ, ಹನೂರು ಎರಡೂ ಕ್ಷೇತ್ರದ ಶಾಸಕರನ್ನು ನಾವು ಕೇಳಬಹುದು. ಯಳಂದೂರಿನವರೂ ಕೊಳ್ಳೇಗಾಲ ಕ್ಷೇತ್ರದವರೇ, ಅವರೂ ಸೇರಲಿ. ದಿನಗೂಲಿಯವರು ಗೆದ್ದ ಮೊಕದ್ದಮೆಗಳಲ್ಲಿ ಎಷ್ಟರ ಮೇಲೆ ಸರ್ಕಾರ ಮೇಲ್ಮನವಿ ಹೋಗಿದೆ? ಯಾರ ಸಲಹೆಯ ಮೇಲೆ? ಬೇಡವೆಂದು ಸಲಹೆ ಬಂದರೂ ಹೋದದ್ದೆಷ್ಟು? ಹೊರಗಿನ ವಕೀಲರಿಗೆ ಕೊಟ್ಟ ಫೀಜು ಎಷ್ಟು? ಈ ನಾಲ್ಕು ಪ್ರಶ್ನೆಗಳನ್ನು ಬರೆದ ಮನವಿ ಪತ್ರ ಇಲ್ಲೇ ಮೇಜಿನ ಮೇಲಿದೆ. ಹೋಗುವ ಮುಂಚೆ ಎಲ್ಲರೂ ರುಜು ಹಾಕಿರಿ. ಮುಂದಿನ ಅಧಿವೇಶನಕ್ಕೆ ಮೊದಲು ಅವರ ಕೈಗೆ ಮುಟ್ಟಿಸೋಣ.