ಡಯಾಲಿಸಿಸ್ ರೋಗಿಯ ರಕ್ತಪರೀಕ್ಷೆಯ ಚೀಟಿ
(ತೆಕ್ಕಲಕೋಟೆಯಲ್ಲಿ ಮಾಡಿದ ಆರೋಗ್ಯ ಭಾಷಣ)



ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವರಿಗೆ ಡಯಾಲಿಸಿಸ್ ಜೀವ ಉಳಿಸುವ ಚಿಕಿತ್ಸೆ. ನಮ್ಮ ಊರ ಕಡೆಯಿಂದ ಬಳ್ಳಾರಿಗೆ ಹೋಗಿ ಅದನ್ನು ಮಾಡಿಸಿಕೊಂಡು ಬರುವವರ ಕೈಯಲ್ಲಿ ರಕ್ತಪರೀಕ್ಷೆಯ ಚೀಟಿಯೊಂದು ಇರುತ್ತದೆ. ಮನೆಯವರು ಅದರಲ್ಲಿ ಹುಡುಕುವುದು ಕ್ರಿಯಾಟಿನಿನ್ ಒಂದನ್ನೇ.

ನಾನು ಕಂಡ ಒಬ್ಬ ರೈತರ ಕ್ರಿಯಾಟಿನಿನ್ 9ರಿಂದ 5ಕ್ಕೆ ಇಳಿದಾಗ ಮನೆಯವರು ದೇವರಿಗೆ ಕಾಯಿ ಒಡೆಸಿದರು. ಪಥ್ಯವೆಂದು ಬೇಳೆ, ಮೊಟ್ಟೆ ಬಿಡಿಸಿ ಅವರನ್ನು ಬರೀ ಗಂಜಿಯ ಮೇಲೆ ಇಟ್ಟಿದ್ದರು. ಅದೇ ಚೀಟಿಯ ಕೆಳಸಾಲಿನಲ್ಲಿ ಆಲ್ಬುಮಿನ್ 2.6 ಎಂದಿತ್ತು. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡಗಳಲ್ಲಿ. ಅದು ಇಳಿದದ್ದು ಮೂತ್ರಪಿಂಡ ಗುಣವಾಗಿ ಅಲ್ಲ, ಮೈಯ ಮಾಂಸ ಕರಗಿ. ಕೆಲವೇ ತಿಂಗಳಲ್ಲಿ ಅವರು ಸೋಂಕಿಗೆ ತುತ್ತಾಗಿ ತೀರಿಕೊಂಡರು.

ಆಲ್ಬುಮಿನ್ ರಕ್ತದಲ್ಲಿರುವ ಒಂದು ಸಸಾರಜನಕ. 1990ರಲ್ಲಿ ಅಮೆರಿಕದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ರಕ್ತಪರೀಕ್ಷೆಗಳನ್ನು ಲೌರಿ ಮತ್ತು ಲ್ಯೂ ಎಂಬ ಸಂಶೋಧಕರು ಪರಿಶೀಲಿಸಿದರು. ಆಲ್ಬುಮಿನ್ ಕಡಿಮೆಯಿದ್ದವರಲ್ಲಿ ಸಾವಿನ ಅಪಾಯ ಬಹಳ ಹೆಚ್ಚೆಂದು ಕಂಡುಬಂದಿತು. ಅದು 4ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಇಳಿದರೆ ಆಹಾರದ ಕೊರತೆಯೊಂದೇ ಕಾರಣವೆಂದು ತಿಳಿಯಬಾರದು. ಹಲ್ಲು, ಕಾಲು, ಸೂಜಿ ಚುಚ್ಚುವ ಜಾಗದಲ್ಲಿ ಸೋಂಕು ಇರಬಹುದು. ವೈದ್ಯರಿಗೆ ತೋರಿಸಿರಿ.

ಮತ್ತೆ ಮೂರು ಅಂಕಿಗಳನ್ನು ಗಮನಿಸಿರಿ. ಹಿಮೋಗ್ಲೋಬಿನ್ ಸಾಮಾನ್ಯವಾಗಿ 10ರಿಂದ 11.5ರವರೆಗೆ ಇರಬೇಕು. ರಕ್ತ ಉತ್ಪಾದನೆಗೆ ಪ್ರಚೋದನೆ ಕೊಡುವ ರಸವನ್ನು ರೋಗಪೀಡಿತ ಮೂತ್ರಪಿಂಡ ಸಾಕಷ್ಟು ಸುರಿಸುವುದಿಲ್ಲವಾದ್ದರಿಂದ ಚುಚ್ಚುಮದ್ದು ಬೇಕಾಗುತ್ತದೆ. ರಂಜಕ ಏರಿದರೆ ರಕ್ತನಾಳಗಳು ಗಡುಸಾಗುತ್ತವೆ, ಎಲುಬು ಸವೆಯುತ್ತದೆ. ಪೊಟ್ಯಾಸಿಯಂ 6 ದಾಟಿದರೆ ಹೃದಯ ಹಠಾತ್ತನೆ ನಿಲ್ಲಬಹುದು. ಆದುದರಿಂದ ರೋಗಿಗೆ ಪ್ರೀತಿಯಿಂದ ಎಳನೀರು ಕುಡಿಸಬೇಡಿರಿ. ಅದರಲ್ಲಿ ಪೊಟ್ಯಾಸಿಯಂ ತುಂಬಿದೆ. ಬಾಳೆಹಣ್ಣು, ಹಣ್ಣಿನ ರಸ ಇವುಗಳಿಗೂ ಇದೇ ಮಾತು.

ಹಾಗಾದರೆ ಏನು ತಿನ್ನಬೇಕು? ಡಯಾಲಿಸಿಸ್ ಪ್ರಾರಂಭವಾದ ಮೇಲೆ ಸಸಾರಜನಕ ಬೇಕೇ ಬೇಕು. 50 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50ರಿಂದ 60 ಗ್ರಾಂ. ಎರಡು ಮೊಟ್ಟೆಯ ಬಿಳಿಭಾಗದಲ್ಲಿ 7 ಗ್ರಾಂ ದೊರೆಯುತ್ತದೆ. ಅನ್ನ ಅಥವಾ ಜೋಳದ ರೊಟ್ಟಿಯೊಂದಿಗೆ ಬೇಳೆ, ಮೀನು ಎಷ್ಟೆಂಬುದನ್ನು ವೈದ್ಯರಿಂದ ಕೇಳಿ ತಿಳಿಯಿರಿ. ಉಪ್ಪು, ನೀರುಗಳಲ್ಲಿ ಮಾತ್ರ ಮಿತಿ ತಪ್ಪಬಾರದು.

ಆರೋಗ್ಯವಂತ ಮೂತ್ರಪಿಂಡ ವಾರದ 168 ಗಂಟೆಯೂ ದುಡಿಯುತ್ತದೆ. ವಾರಕ್ಕೆ ಮೂರು ಸಲ, ನಾಲ್ಕು ಗಂಟೆಯಂತೆ ಡಯಾಲಿಸಿಸ್ ಆದರೆ ಒಟ್ಟು 12 ಗಂಟೆ. ಭತ್ತದ ನಾಟಿಯೆಂದೋ, ಬಸ್ಸು ತಪ್ಪಿತೆಂದೋ ಅದರಲ್ಲಿಯೂ ಒಂದನ್ನು ಬಿಟ್ಟರೆ ಉಳಿಯುವುದು ಎಂಟೇ ಗಂಟೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡ ಕುಟುಂಬಗಳಿಗೆ ಈ ಸೇವೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹಣದ ಚಿಂತೆಯಿಂದ ಸರದಿ ತಪ್ಪಿಸದಿರಿ.

ಮುಂದಿನ ಸಲ ಚೀಟಿ ಕೈಗೆ ಬಂದಾಗ, ಕ್ರಿಯಾಟಿನಿನ್ ಎಷ್ಟೆಂದು ಮಾತ್ರ ಕೇಳಬೇಡಿರಿ. ಆಲ್ಬುಮಿನ್ ಎಷ್ಟು, ಪೊಟ್ಯಾಸಿಯಂ ಎಷ್ಟು ಎಂದೂ ಕೇಳಿರಿ. ನಿಮ್ಮ ಮನೆಯ ರೋಗಿಯ ಆಯುಷ್ಯದ ಸುಳಿವು ಆ ಸಾಲುಗಳಲ್ಲಿದೆ.