‘ಪರವಾಗಿಲ್ಲ’ ಎಂದು ಕಳೆದುಕೊಂಡದ್ದು



ಅಮೆರಿಕದ ಸೇನೆಯಲ್ಲಿದ್ದಾಗ ತಲೆಗೆ ಪೆಟ್ಟು ಬಿದ್ದು ನನಗೆ ಮೈಗ್ರೇನ್ ಶುರುವಾಯಿತು, ಮುಖದ ಬಲಭಾಗದ ನರವೂ ಸೋತಿತು. ಸೇವೆ ಮುಗಿಸಿ ಅಂಗವೈಕಲ್ಯ ಪರಿಹಾರಕ್ಕೆ ಅರ್ಜಿ ಹಾಕಿದೆ. ತಪಾಸಣೆಯಲ್ಲಿ ವೈದ್ಯರು ಹೇಗಿದ್ದೀರಿ ಎಂದು ಕೇಳಿದರು. ಇಂಗ್ಲಿಷಿನಲ್ಲೇ ಉತ್ತರಿಸಿದೆ, ಆದರೆ ಹೇಳಿದ್ದು ನಮ್ಮ ‘ಪರವಾಗಿಲ್ಲ’. ತಲೆನೋವಿಗೆ ಶೇಕಡಾ 0, ಮುಖದ ನರಕ್ಕೆ 10 ಎಂದು ತೀರ್ಮಾನ ಬಂತು.

ಆಮೇಲೆ ನಿಯಮ ಓದಿದೆ. ಮೈಗ್ರೇನ್‌ಗೆ ಹಾಸಿಗೆ ಹಿಡಿಸುವ ನೋವು ಎಷ್ಟು ಸಲ ಬರುತ್ತದೆ ಎಂಬುದೇ ಲೆಕ್ಕ. ಸರಾಸರಿ ತಿಂಗಳಿಗೊಮ್ಮೆಯಾದರೆ 30. ಪದೇ ಪದೇ ಬಂದು, ದೀರ್ಘಕಾಲ ಉಳಿದು, ದುಡಿಮೆಗೇ ತೀವ್ರ ಅಡ್ಡಿಯಾದರೆ 50. ಮುಖದ ನರದ ದೌರ್ಬಲ್ಯ ಮಧ್ಯಮವಾದರೆ 10, ತೀವ್ರವಾದರೆ 20, ಪೂರ್ತಿ ಸ್ವಾಧೀನ ತಪ್ಪಿದ್ದರೆ 30.

2019ರ ಫೆಬ್ರವರಿಯಿಂದ ಮೂರು ದಾರಿಗಳಿವೆ: ಹೊಸ ಪುರಾವೆಯೊಡನೆ ಪೂರಕ ಅರ್ಜಿ, ಇದ್ದ ಕಡತದ ಮೇಲೆಯೇ ಹಿರಿಯ ಅಧಿಕಾರಿಯ ಮರುಪರಿಶೀಲನೆ, ಇಲ್ಲವೇ ಮೇಲ್ಮನವಿ ಮಂಡಳಿ. ತೀರ್ಮಾನ ಬಂದ ಒಂದು ವರ್ಷದೊಳಗೆ ಹಾಕಿದರೆ, ಗೆದ್ದಾಗ ಮೊದಲಿನ ಅರ್ಜಿಯ ದಿನಾಂಕ ಕೈತಪ್ಪುವುದಿಲ್ಲ.

ನನ್ನ ಕಡತದಲ್ಲಿ ಪುರಾವೆಯೇ ಇರಲಿಲ್ಲ. ಮೊದಲ ದಾರಿ ಹಿಡಿದೆ. ನಾನು ಕತ್ತಲ ಕೋಣೆಯಲ್ಲಿ ಮಲಗಿದ ದಿನಗಳನ್ನು ನನ್ನ ಹೆಂಡತಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಳು. ಅವಳ ಹೇಳಿಕೆ, ಕೆಲಸಕ್ಕೆ ರಜೆ ಹಾಕಿದ ದಾಖಲೆ, ನರರೋಗ ತಜ್ಞರ ಪತ್ರ ಸೇರಿಸಿದೆ. ತಲೆನೋವಿಗೆ 30 ಆಯಿತು. ಮುಖದ ನರದ್ದು 10ರಲ್ಲೇ ಉಳಿಯಿತು, ಅದು ನ್ಯಾಯವೇ.

ಮಾನ್ಯತೆ ಪಡೆದ ಮಾಜಿ ಸೈನಿಕರ ಸಂಘಗಳು ಅರ್ಜಿಗೆ ಉಚಿತವಾಗಿ ನೆರವಾಗುತ್ತವೆ. ಕೇಳಲು ಸಂಕೋಚ ಬೇಡ. ಮನೆಗೆ ಬಂದ ನೆಂಟರು ಕೇಳಿದರೆ ‘ಪರವಾಗಿಲ್ಲ’ ಎನ್ನಿ. ತಪಾಸಣೆಯ ಕೋಣೆಯಲ್ಲಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿ.